ಫಿಲ್ಟರ್ ನೀರು

ಕಂಪ್ಯೂಟರಿನ ತಾಮ್ರದ ಬ್ಲಾಕು ಬಿಚ್ಚಿದ ಕೂಡಲೇ ಗೌರೀಶನಿಗೆ ತನ್ನ ತಪ್ಪು ಕಣ್ಣಿಗೆ ಬಿತ್ತು. ಪ್ರೊಸೆಸರಿನ ಕಾವನ್ನು ನೀರಿಗೆ ದಾಟಿಸುವ ತುಂಡು ಅದು. ಕೂದಲೆಳೆಯಂಥ ಅದರ ಸಂದುಗಳ ತುಂಬ ಹಸಿರು ಪಾಚಿ ಕಟ್ಟಿತ್ತು. ನೀರು ಹರಿಯಲು ದಾರಿಯೇ ಉಳಿದಿರಲಿಲ್ಲ.

ಮುನವಳ್ಳಿಯ ರಾಜೇಶ್ವರಿ ಮನೆಯಲ್ಲೇ ಮದುವೆ ವಿಡಿಯೋಗಳ ಎಡಿಟಿಂಗ್ ಮಾಡುತ್ತಾಳೆ. ಹದಿನೈದು ದಿನದಿಂದ ಅವಳ ಕಂಪ್ಯೂಟರು ಕಾದು ಕಾದು ತಾನೇ ಬಂದ್ ಆಗುತ್ತಿತ್ತು. ತೊಳೆದು, ನೀರು ತಣಿಸುವ ದೊಡ್ಡ ರೇಡಿಯೇಟರೊಂದನ್ನು ಕೂಡಿಸಿಕೊಡಲು ಗೌರೀಶ ಬೈಲಹೊಂಗಲದಿಂದ ಬಂದಿದ್ದ.

ಏಳು ತಿಂಗಳ ಹಿಂದೆ ಇದರ ನೀರು ಬದಲಿಸಿದವನೂ ಅವನೇ. ಅಂದು ಬಸ್ಸಿನ ಕುಲುಕಾಟಕ್ಕೆ ಡಿಸ್ಟಿಲ್ಡ್ ನೀರಿನ ಬಾಟಲಿಯ ಮುಚ್ಚಳ ಸಡಿಲಾಗಿ ಅರ್ಧ ನೀರು ಚೀಲಕ್ಕೆ ಹೋಗಿತ್ತು. ಕಡಿಮೆಬಿದ್ದದ್ದನ್ನು ಇವರ ಅಡುಗೆಮನೆಯ ಕ್ಯಾನಿನಿಂದ ತುಂಬಿಸಿದ್ದ. ಊರಿನ ಘಟಕದಲ್ಲಿ ನಾಣ್ಯ ಹಾಕಿ ತರುವ ಫಿಲ್ಟರ್ ನೀರು. ಪಾಚಿ ಕಟ್ಟದಂತೆ ಹಾಕುವ ಔಷಧಿಯೂ ಚೀಲದಲ್ಲಿರಲಿಲ್ಲ. ಕುಡಿಯುವ ನೀರನ್ನು ಹಾಕಲೇಬಾರದೆಂದು ಕಂಪ್ಯೂಟರ್ ರಿಪೇರಿಯ ಸಂಜೆ ಕ್ಲಾಸಿನಲ್ಲಿ ಮಾಸ್ತರರು ಬರೆಸಿದ್ದು ಅವನಿಗೆ ನೆನಪಿತ್ತು. ಅದರ ಕೆಳಗೆ ಗೆರೆಯನ್ನೂ ಎಳೆದುಕೊಂಡಿದ್ದ. ಮುಂದಿನ ವಾರ ಬಂದು ಬದಲಿಸಿದರಾಯಿತು ಅಂದುಕೊಂಡ. ಬರಲಿಲ್ಲ.

ರಾಜೇಶ್ವರಿ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ನೋಡ್ರಿ ಗೌರೀಶಣ್ಣಾ, ನಮ್ಮತ್ತಿ ಲೋಬಾನದ ಹೊಗಿ ಎಷ್ಟು ಹೊಲಸ ಮಾಡೈತಿ! ನಾ ಮೊದಲ ಅಂದಿದ್ದೆ ಹೌದಿಲ್ರಿ?"

ಅವಳ ಅತ್ತೆ ರಾಚವ್ವ ಪ್ರತಿ ಸೋಮವಾರ ಕಂಪ್ಯೂಟರಿನ ಪೆಟ್ಟಿಗೆಗೆ ವಿಭೂತಿ ಹಚ್ಚಿ ಲೋಬಾನ ಬೆಳಗುತ್ತಿದ್ದಳು. ಮನೆಗೆ ಅನ್ನ ಹಾಕುವ ಮಿಷನ್ನು ಎಂಬ ಭಕ್ತಿ. ಕಂಪ್ಯೂಟರು ಕೆಟ್ಟ ಮೇಲೆ ಸೊಸೆ ಅವಳಿಗೆ ಕೋಣೆಯನ್ನೇ ನಿಷೇಧಿಸಿದ್ದಳು. ಈಗ ಮುದುಕಿ ಹೊಸ್ತಿಲಾಚೆ ಕುಳಿತು ಕಡಲೆ ಆರಿಸುತ್ತಿದ್ದಳು.

ಸುತ್ತಲೂ ಮುಚ್ಚಿದ ಕೊಳವೆಯೊಳಗೆ ಹೊಗೆ ಹೋಗುವುದಾದರೂ ಹೇಗೆ? ಅಷ್ಟು ಹೇಳಿದ್ದರೆ ಸಾಕಿತ್ತು. ಗೌರೀಶ ಬಾಯಿ ತೆರೆದ.

"ಹ್ಞೂಂರಿ," ಅಂದುಬಿಟ್ಟ.

ಹೊರಗೆ ಕಡಲೆಯ ಸದ್ದು ನಿಂತಿತು.

ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಬ್ಲಾಕು ತಿಕ್ಕಿದ. ಕೊಳವೆಗಳನ್ನು ಮೂರು ಸಲ ತೊಳೆದ. ಬೋಗುಣಿಗೆ ಇಳಿದ ಹಸಿರು ನೀರನ್ನು ಯಾರೂ ನೋಡದ ಹಾಗೆ ಮೋರಿಗೆ ಚೆಲ್ಲಿಬಂದ.

"ಲಗೂ ಮಾಡ್ರಿ ಅಣ್ಣಾ," ಅಂದಳು ರಾಜೇಶ್ವರಿ. "ಸಿರಸಂಗಿಯವರು ಫೋನ್ ಮ್ಯಾಲ ಫೋನ್ ಹಚ್ಚ್ಯಾರ. ಮದಿವಿ ವಿಡಿಯೋ ಬರೂದ್ರಾಗ ಮುಂದ ಹುಟ್ಟೂ ಕೂಸಿನ ಜಾವಳಾನೂ ಮುಗದ ಹೋಗತೈತಿ ಅಂತಾರ!"

ಗೌರೀಶ ನಗಲು ನೋಡಿದ, ಆಗಲಿಲ್ಲ.

ಮಧ್ಯಾಹ್ನ ರಾಚವ್ವ ಹೊಸ್ತಿಲಾಚೆಯಿಂದಲೇ ಕೂಗಿದಳು. "ತಮ್ಮಾ, ಬಾ, ಉಣ್ಣು. ಮಿಷನ್ನಿಗೆ ನೀರು ಕುಡಿಸಿ ಕುಡಿಸಿ ನೀ ಉಪಾಸ ಕುಂದ್ರಬ್ಯಾಡ."

ಬಿಸಿ ರೊಟ್ಟಿ, ಪುಂಡಿಪಲ್ಲೆ, ಕೆನೆಮೊಸರು. ಅವನು ಬೇಡವೆಂದಷ್ಟೂ ಅವಳು ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಆಮೇಲೆ ದನಿ ತಗ್ಗಿಸಿ, "ನಾ ಬೇಕಂತ ಮಾಡಿಲ್ಲೋ ಯಪ್ಪಾ. ಛಲೋ ಆಗ್ಲಿ ಅಂತ ಬೆಳಗಿದ್ನಿ," ಅಂದಳು. ಗೌರೀಶ ತಲೆ ಬಗ್ಗಿಸಿ ಮೂರನೆಯ ರೊಟ್ಟಿಯನ್ನೂ ಮುಗಿಸಿದ.

ಹೊಸ ರೇಡಿಯೇಟರು ಕೂತಿತು. ಈ ಸಲ ಸರಿಯಾದ ಕೂಲಂಟ್ ತುಂಬಿಸಿದ. ಒಂದು ತಾಸು ವಿಡಿಯೋ ಓಡಿಸಿದರೂ ಕಾವು ಅರವತ್ತೆರಡು ಡಿಗ್ರಿ ದಾಟಲಿಲ್ಲ. ರಾಜೇಶ್ವರಿಯ ಮುಖ ಅರಳಿತು. ಹೊಸ್ತಿಲ ಕಡೆ ತಿರುಗಿ ಅಂದಳು:

"ಅತ್ತೀ, ಕೇಳಿಸ್ತೇನ್ರಿ? ಇನ್ನ ಮ್ಯಾಲ ಈ ಖೋಲ್ಯಾಗ ಬೆಂಕಿಕಡ್ಡಿ ಸೈತ ಕೊರೀಬ್ಯಾಡ್ರಿ."

"ತಪ್ಪಾತವಾ," ಅಂದಳು ರಾಚವ್ವ. "ಇನ್ನ ಆ ಕಡೆ ಹಾಯೂದಿಲ್ಲ."

ಮುದುಕಿಯ ಆ 'ತಪ್ಪಾತು' ಕೇಳಿ ಗೌರೀಶನಿಗೆ ತಡೆದುಕೊಳ್ಳಲಾಗಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಅಕ್ಕಾರ, ಹೊಗಿ ಅಲ್ರಿ ಅದು. ಹೋದ ಸಲ ನಾನ ಕ್ಯಾನಿನ ನೀರು ಹಾಕಿದ್ನಿ. ಅದಕ್ಕ ಪಾಚಿ ಕಟ್ಟೈತಿ. ಹೊಗಿ ಅದರೊಳಗ ಹೋಗಾಕ ಬರೂದ ಇಲ್ಲ."

ರಾಜೇಶ್ವರಿ ಅವನನ್ನು ದಿಟ್ಟಿಸಿ ನೋಡಿದಳು. ಕೇಳಿದ್ದು ರಾಚವ್ವ.

"ಯಾವಾಗ ಗೊತ್ತಾತೋ ತಮ್ಮಾ ನಿನಗ?"

"ಮುಂಜಾನೀರಿ. ಬಿಚ್ಚಿದ ಕೂಡ್ಲೆ."

"ಅಂದ್ರ ಉಣ್ಣೂ ಮುಂದ ಗೊತ್ತಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

"ಅತ್ತೀ, ಒಳಗ ಬರ್ರಿ," ಅಂದಳು ರಾಜೇಶ್ವರಿ, ಸಣ್ಣ ದನಿಯಲ್ಲಿ.

ರಾಚವ್ವ ಮೊಣಕಾಲಿಗೆ ಕೈಯೂರಿ ಎದ್ದಳು. "ಇರಲಿ ಬಿಡವಾ. ನೀವು ನೀವು ನೋಡ್ಕೋರಿ," ಎಂದು ಕಡಲೆಯ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು. ಒಳಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತರು.