ಎರಡು ತೊಗಲಿನ ಹರಗೋಲು

"ಲೇ ಹಡಬಿಟ್ಟಿ, ನಾ ಕೇಳಿದ್ದು ಹರಗೋಲು. ನೀ ಹೇಳಾಕತ್ತಿದ್ದು ಅರಮನಿ! ತೊಗಲಿನ ಮ್ಯಾಲ ತೊಗಲಂತ, ಒಳಗ ನಾಕು ಖೋಲಿಯಂತ! ಯಾರ ಬಾಣಂತನ ಮಾಡೋದದ ಅದರಾಗ, ನಿಮ್ಮವ್ವಂದೇನು?"

ಗಡಿಗೆಪ್ಪ ಸಾಹುಕಾರ ಹೀಗೆ ಕೂಗಿದಾಗ ಗೋಪಮ್ಮ ತಲೆ ಎತ್ತಲಿಲ್ಲ. ನೆನೆಹಾಕಿದ ಎಮ್ಮೆಯ ತೊಗಲನ್ನು ಎರಡು ಮೊಣಕಾಲ ನಡುವೆ ಅಮುಕಿ ಹಿಡಿದು ಆರಿ ಚುಚ್ಚುತ್ತಿದ್ದಳು. ಚೀಕಲಪರ್ವಿಯ ಹೊಳೆದಂಡೆಯ ಮರಳು ಹಂಚಿನ ಹಾಗೆ ಕಾದಿತ್ತು. ಪಕ್ಕದಲ್ಲಿ ಅವಳ ಗಂಡ ಗದ್ದೆಪ್ಪ, ಬಿದಿರಿನಲ್ಲಿ ಹೆಣೆದ ದೊಡ್ಡ ಬುಟ್ಟಿಯನ್ನು ಬೋರಲು ಹಾಕಿಕೊಂಡು, ಕಟ್ಟು ಬಿಗಿ ಮಾಡುವ ನೆಪದಲ್ಲಿ ಅದರ ನೆರಳಿಗೆ ಸರಿಯುತ್ತಿದ್ದ. ಆ ಬುಟ್ಟಿಗೆ ತೊಗಲು ಹೊದಿಸಿದರೆ ಅದೇ ಹರಗೋಲು.

ಯುದ್ಧ ಶುರುವಾದ ಮೇಲೆ ತಗಡಿನ ಡಬ್ಬಿ ಕಣ್ಣಿಗೆ ಬೀಳದಾಗಿತ್ತು. ಸಾಹುಕಾರನ ಗಾಣದಲ್ಲಿ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಹಂಡೆಗಟ್ಟಲೆ ನಿಂತಿತ್ತು. ಹೊಳೆಯ ಆಚೆ ದಂಡೆ ಇಂಗ್ಲಿಷರ ಸೀಮೆ; ಅಲ್ಲಿ ಯಂತ್ರಗಳಿಗೆ ಹಾಕಲು ಅದೇ ಎಣ್ಣೆ ಬೇಕೆಂದು ವ್ಯಾಪಾರಿಗಳು ಬಾಯಿಬಿಟ್ಟುಕೊಂಡು ಕೂತಿದ್ದರು. ಡಬ್ಬಿ ಇಲ್ಲದಿದ್ದರೇನು, ಹರಗೋಲನ್ನೇ ಡಬ್ಬಿ ಮಾಡಿದರಾಯ್ತು, ಎಣ್ಣೆ ಸುರುವಿ ತೇಲಿಬಿಟ್ಟರಾಯ್ತು ಎಂದು ಸಾಹುಕಾರನಿಗೆ ಒಂದು ದಿನ ಹೊಳೆದಿತ್ತು. ಹೊಳೆದದ್ದು ಅವನಿಗೆ, ಹೊಲಿಯಬೇಕಾದದ್ದು ಮಾದರ ಕೇರಿಯವರು.

"ಹೊಳಿಯಾಗ ಕಲ್ಲು ಅದಾವ ಯಪ್ಪಾ," ಗೋಪಮ್ಮ ದಾರ ಎಳೆಯುತ್ತ ಹೇಳಿದಳು. "ಹೊರಗಿನ ತೊಗಲ ಹರದ್ರ ಒಳಗಿಂದು ತಡೀತದ. ಖೋಲಿ ಮಾಡಿದ್ರ ಎಣ್ಣಿ ಎಲ್ಲಾ ಒಂದೇ ಕಡಿಗಿ ಓಡಂಗಿಲ್ಲ. ಹಿಂಗ ಬಿಟ್ರ ಒಮ್ಮಿ ವಾಲಿತಂದ್ರ ಮುಗೀತು, ಎಲ್ಲಾ ಚೆಲ್ತದ."

"ಚೆಲ್ಲಿದ್ರ ಎಲ್ಲಿಗಿ ಹೋಗ್ತದ? ಕೆಳಗ."

"ಕೆಳಗ ನಾವದೀವಲ್ರೀ."

"ಅದಕ್ಕs ಹೇಳಿದ್ದು, ಕೆಳಗ ಹೋಗ್ತದಂತ."

ಸಾಹುಕಾರ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಗಾಳಿ ಈ ಕಡೆಯಿಂದ ಆ ಕಡೆ ಬೀಸುತ್ತದೆ ಎಂದು ಹೇಳುವ ಹಾಗೆ ಹೇಳಿ, ಕೊಡೆ ಬಿಚ್ಚಿಕೊಂಡು ಊರಿನ ಕಡೆ ನಡೆದ. ಅವನ ಮಾತು ಸುಳ್ಳಾಗಿರಲಿಲ್ಲ. ಮೇಲೆ ಊರಿನ ಘಟ್ಟ, ಅಲ್ಲಿ ಮಠದವರೂ ಸಾಹುಕಾರನ ಮನೆಯವರೂ ನೀರು ತುಂಬುತ್ತಿದ್ದರು. ಅದರ ಕೆಳಗೆ ಎಣ್ಣೆ ಇಳಿಸುವ ಜಾಗ. ಅದಕ್ಕೂ ಕೆಳಗೆ, ಎಲ್ಲರ ಕೊಳೆ ತೊಳೆದು ಬಂದ ನೀರಿನ ಅಂಚಿನಲ್ಲಿ, ಕೇರಿಯವರು ಕುಡಿಯುವ ನೀರಿಗೆ ಮರಳು ತೋಡಿ ಮಾಡಿಕೊಂಡ ವರ್ತಿಗಳು.

ಮೊದಲ ಸಲ ಎಣ್ಣೆ ತುಂಬಿದ ದಿನ ಗದ್ದೆಪ್ಪ ಹರಗೋಲಿನ ಬಾಯಿಗೆ ಅಡ್ಡ ಕಟ್ಟಿದ ಬಿದಿರಿನ ಮೇಲೆ ಕೋಳಿಯ ಹಾಗೆ ಕೂತು ಹುಟ್ಟು ಹಾಕಿದ. ನಡುಹೊಳೆಗೆ ಹೋಗುವ ಮೊದಲೇ ತಳಕ್ಕೆ ಕಲ್ಲು ತಾಕಿ ತೊಗಲು ಹರಿಯಿತು. ಹರಗೋಲು ಸ್ವಲ್ಪ ವಾಲಿತು. ಎಣ್ಣೆಯೆಲ್ಲ ವಾಲಿದ ಕಡೆಗೇ ಓಡಿತು. ಆಮೇಲೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ದಂಡೆಗೆ ಬಂದ ಗದ್ದೆಪ್ಪನನ್ನು ಎತ್ತಲು ಹೋದವರ ಕೈಯಿಂದ ಅವನು ಮತ್ತೆ ಮತ್ತೆ ಜಾರಿದ. ಕೊನೆಗೆ ಕೂದಲು ಹಿಡಿದು ಎಳೆಯೋಣವೆಂದರೆ ಅದೂ ಜಾರಿತು. ಕೇರಿಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ನಗು ಸಂಜೆಯವರೆಗೆ ಉಳಿಯಲಿಲ್ಲ. ವರ್ತಿಗಳ ಮೇಲೆ ಹಳದಿ ಕೆನೆ ಕಟ್ಟಿತ್ತು. ಸೀರೆ ಮಡಚಿ ಸೋಸಿದರು, ಸೋರೆಬುರುಡೆಯಿಂದ ತೆಗೆದು ಚೆಲ್ಲಿದರು, ಮತ್ತೆ ಕೆನೆ ಬಂತು. ಕೊಡ ಹಿಡಿದು ಊರಿನ ಘಟ್ಟಕ್ಕೆ ಹೋದರೆ ಮಠದ ಮಹಾಂತಯ್ಯ ಬೆತ್ತ ಅಡ್ಡ ಹಿಡಿದು ನಿಂತ.

"ಘಟ್ಟಕ್ಕ ಕಾಲಿಟ್ರ ಕಾಲ ಮುರೀತೀನಿ. ಸ್ವಾಮಿಗಿ ಅಭಿಷೇಕದ ನೀರದು, ಮೈಲಿಗಿ ಆಗ್ತದ."

"ಅಯ್ನೋರ, ಕೂಸುಗಳು ಅದಾವ್ರೀ," ಎಂದಳು ಗೋಪಮ್ಮ.

"ಕೂಸು ಹಡಿಯಾಕ ನಾ ಹೇಳಿದ್ನೇನು?"

ಬಾಯಾರಿದವರು ಎಷ್ಟೆಂದು ತಡೆದಾರು? ವರ್ತಿಯ ನೀರನ್ನೇ ಕುಡಿದರು. ಔಡಲ ಎಣ್ಣೆ ತನ್ನ ಕೆಲಸ ಮಾಡಿತು. ಇಡೀ ಕೇರಿ ಜಾಲಿಗಿಡಗಳ ಮರೆಗೂ ಗುಡಿಸಲಿಗೂ ನಡುವೆ ಓಡಾಡಿ ಸುಸ್ತಾಯಿತು. ಗೋಪಮ್ಮನ ಮಾವ ಸೂಗಪ್ಪ ಎಂಬ ಮುದುಕನಿಗೆ ಎದ್ದು ಓಡುವ ಶಕ್ತಿ ಇರಲಿಲ್ಲ. ಮಲಗಿದಲ್ಲೇ ಎಲ್ಲ ಆಯಿತು. ಸೊಸೆ ಒರೆಸಿ ಒರೆಸಿ ಬದಲಿಸುವಾಗ ಅವನು ಕಣ್ಣು ಬಿಟ್ಟು ನಕ್ಕ.

"ಯವ್ವಾ ಗೋಪಿ, ಜಲಮದಾಗ ಮೊದಲನೇ ಸಲ ನೋಡು. ಸಾವ್ಕಾರನ ಎಣ್ಣಿ ಪುಗಸಟ್ಟಿ ಕುಡದೀನಿ."

ಮರುದಿನ ಅವನು ಸತ್ತ. ಹೆಣ ತೊಳೆಯಲು ಸಹ ಎಣ್ಣೆ ಇಲ್ಲದ ನೀರು ಸಿಗಲಿಲ್ಲ.

ಮಣ್ಣು ಮಾಡಿ ಬಂದವಳೇ ಗೋಪಮ್ಮ ಸಾಹುಕಾರನ ಮನೆಯ ಮುಂದೆ ನಿಂತಳು. ಕಟ್ಟೆಯ ಮೇಲೆ ಸಾಹುಕಾರನೂ ಮಹಾಂತಯ್ಯನೂ ಎಲೆ ಅಡಿಕೆ ಮೆಲ್ಲುತ್ತಿದ್ದರು. ಅವಳು ಅಂಗಳದ ಬಿಸಿಲಿನಲ್ಲಿ ನಿಂತೇ ಹೇಳಿದಳು.

"ನಮ್ಮ ಮಾವ ಸತ್ತ ಯಪ್ಪಾ. ನಿಮ್ಮ ಎಣ್ಣಿ ಕುಡದು."

"ಹುಚ್ಚಿ," ಎಂದ ಸಾಹುಕಾರ. "ಔಡಲೆಣ್ಣಿ ಕುಡದ್ರ ಹೊಟ್ಟಿ ಸ್ವಚ್ಛ ಆಗ್ತದ. ಹಕೀಮನ ಬಲ್ಲಿ ಹೋದ್ರೂ ಅದನ್ನೇ ಕೊಡ್ತಾನ. ನಿಮ್ಮ ಕೇರಿಗೆಲ್ಲ ಒಮ್ಮಿಗೇ ಔಷಧ ಕೊಟ್ಟೀನಿ, ಕಾಲ ಬೀಳೋದ ಬಿಟ್ಟು ಫಿರ್ಯಾದಿ ತಂದಾಳ!"

ಮಹಾಂತಯ್ಯ ನಕ್ಕ ರಭಸಕ್ಕೆ ಎಲೆಯ ರಸ ವಿಭೂತಿ ಹಚ್ಚಿದ ಎದೆಯ ಮೇಲೆ ಇಳಿಯಿತು.

"ಚೆಲ್ಲಿದ ಎಣ್ಣಿಗಿ ಈ ವರ್ಷ ನಿಮ್ಮ ಕೇರಿ ಬಿಟ್ಟಿ ದುಡೀಬೇಕು," ಸಾಹುಕಾರ ಮುಂದುವರಿಸಿದ. "ಈಗ ಹೋಗಿ ಅದೇ ಹರಗೋಲಿಗಿ ತ್ಯಾಪಿ ಹಚ್ಚು. ಹಳೆ ತೊಗಲಿಂದು ಸಾಕು. ಹೊಸದು ಕೊಡಂಗಿಲ್ಲ."

ಗೋಪಮ್ಮ ಬಾಯಿ ತೆರೆದಳು. ಬೈಗುಳ ನಾಲಿಗೆಯ ತುದಿಗೆ ಬಂದು ಕೂತಿತ್ತು. ಆದರೆ ಅಂಗಳದಿಂದ ಕಾಣುವ ಹೊಳೆಯ ಮೇಲೆ ಅವಳ ಕಣ್ಣು ಹೋಯಿತು. ಊರಿನ ಘಟ್ಟ, ಅದಕ್ಕೂ ಮೇಲೆ, ತಿರುವಿನ ಆಚೆಗೆ ಖಾಲಿ ಬಿದ್ದ ಮರಳು. ಬೈಗುಳವನ್ನು ನುಂಗಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಕಂಡರಿಯದಷ್ಟು ಸಾಧುವಾಗಿ ಹೇಳಿದಳು:

"ಹೂಂ ಯಪ್ಪಾ, ನೀವು ಹೇಳಿದಂಗ. ಎರಡು ತೊಗಲ ಬ್ಯಾಡs ಬ್ಯಾಡ. ನಮ್ಮ ಬುದ್ಧಿ ಕಾಲಾಗ. ಕಲ್ಲು ಇರೋದು ಕೆಳಗಿನ ಮಡುವಿನಾಗ. ಮ್ಯಾಲ, ತಿರುವಿನಾಚಿಗಿ, ಒಂದು ಕಲ್ಲಿಲ್ಲ. ಅಲ್ಲಿಂದ ಬಿಟ್ರ ಖರ್ಚೂ ಇಲ್ಲ, ಖೋಲಿನೂ ಬ್ಯಾಡ."

ಖರ್ಚಿಲ್ಲ ಎಂಬ ಮಾತು ಸಾಹುಕಾರನ ಕಿವಿಗೆ ಹಾಲು ಸುರಿದ ಹಾಗಿತ್ತು. ಮಹಾಂತಯ್ಯ ಮಾತ್ರ ನಗು ನಿಲ್ಲಿಸಿದ.

"ಅಲ್ಲೋ ಗಡಿಗೆಪ್ಪ, ಘಟ್ಟದ ಮ್ಯಾಲಿಂದ ಎಣ್ಣಿ? ಅಕಸ್ಮಾತ್ ಚೆಲ್ಲಿದ್ರ?"

"ಕಲ್ಲs ಇಲ್ಲಂದ ಮ್ಯಾಲ ಹೆಂಗ ಚೆಲ್ತದ್ರೀ ಅಯ್ನೋರ? ನೀವೂ ಮಾದರಂಗ ಅಂಜತೀರಲ್ಲ!"

ಕೇರಿಯಲ್ಲಿ ಆ ಸಂಜೆ ಗದ್ದೆಪ್ಪ ಆರಿ ಹಿಡಿದು ಹರಗೋಲಿನ ತಳ ಸವರುತ್ತ ಕೂತಿದ್ದ.

"ಇಲ್ಲೊಂದು ತೂತು ಹಾಕ್ತೀನಿ. ಸಣ್ಣದು. ಯಾರಿಗೂ ಕಾಣಂಗಿಲ್ಲ."

ಗೋಪಮ್ಮ ಆರಿಯನ್ನು ಕಸಿದುಕೊಂಡಳು. "ಭಾಡ್ಯಾ, ತೂತು ಹಾಕಿದ್ರ ಅದು ನಮ್ಮ ತಪ್ಪಾಗ್ತದ. ಅವ ಹೇಳಿದಂಗ ಹೊಲೀತೀನಿ. ಅವ ಕೊಟ್ಟ ಹಳೆ ತೊಗಲs, ಅವ ಹೇಳಿದ ತ್ಯಾಪಿನs. ಒಂದು ಹೊಲಿಗಿ ಕಡಿಮಿ ಇಲ್ಲ, ಒಂದು ಹೆಚ್ಚಿಲ್ಲ. ಅವನ ಜಿಪುಣತನಕ್ಕಿಂತ ದೊಡ್ಡ ತೂತು ನಿನ್ನ ಕೈಲಿ ಹಾಕಾಕ ಆಗ್ತದೇನು?"

ಹೊಸ ಜಾಗಕ್ಕೆ ಹರಗೋಲು ಹೊತ್ತವರು ಕೇರಿಯವರೇ. ದಿನವಿಡೀ ಅಲ್ಲೇ ಬಿಟ್ಟಿ ದುಡಿಯಬೇಕು ಎಂದ ಮೇಲೆ ಕುಡಿಯಲು ನೀರು ಬೇಡವೇ? ವೆಂಕಮ್ಮ, ಕನಕಮ್ಮ ಮುಂತಾದ ಹೆಂಗಸರು ಎಣ್ಣೆಯ ಜಾಗಕ್ಕಿಂತಲೂ ಮೇಲೆ ಹೋಗಿ ಮರಳು ತೋಡಿ ವರ್ತಿ ಮಾಡಿದರು. ಅಷ್ಟು ತಿಳಿನೀರನ್ನು ಅವರು ಆ ಹೊಳೆಯಲ್ಲಿ ಯಾವತ್ತೂ ಕುಡಿದಿರಲಿಲ್ಲ. ವೆಂಕಮ್ಮ ಬೊಗಸೆಯಲ್ಲಿ ಎತ್ತಿ ಕುಡಿದು, "ಥೂ, ಇದಕ್ಕ ರುಚಿನs ಇಲ್ಲಲ್ಲೇ! ಊರ ಮಂದಿ ಎಮ್ಮಿ ತೊಳದಿದ್ದು, ಬಟ್ಟಿ ಒಗದಿದ್ದು, ಏನೂ ಹತ್ತವಲ್ದು," ಎಂದಾಗ ಉಳಿದವರಿಗೆ ನೀರು ನೆತ್ತಿಗೇರಿತು.

ಎಣ್ಣೆ ಸಾಗಿಸುವ ದಿನವನ್ನು ಸಾಹುಕಾರನೇ ಗೊತ್ತು ಮಾಡಿದ. ಮಾನ್ವಿಯಿಂದ ಸಲಾವುದ್ದೀನ್ ಸಾಹೇಬರೆಂಬ ದೊಡ್ಡ ಅಧಿಕಾರಿ ಬರುವವರಿದ್ದರು. ಡಬ್ಬಿಯಿಲ್ಲದೆ ಎಣ್ಣೆ ದಾಟಿಸುವ ತನ್ನ ಜಾಣ್ಮೆಯನ್ನು ಅವರಿಗೆ ತೋರಿಸಬೇಕೆಂಬುದು ಅವನ ಆಸೆ. ಮಠದಲ್ಲಿ ಊಟ, ಸಾಹುಕಾರನ ಮನೆಯಲ್ಲಿ ಶರಬತ್ತು. ಅವನ್ನು ಮುಗಿಸಿ ಸಾಹೇಬರು ದಂಡೆಗೆ ಬರುವಷ್ಟರಲ್ಲಿ ಹರಗೋಲು ನಡುಹೊಳೆಯಲ್ಲಿರಬೇಕೆಂದು ಅಪ್ಪಣೆಯಾಗಿತ್ತು. ಬೆಳಗಿನಿಂದಲೇ ಘಟ್ಟದಿಂದ ನೀರು ಹೊರುವವರ ಸಾಲು.

ಹೊಳೆಯ ತಿರುವಿನಲ್ಲಿ ಕಲ್ಲಿರಲಿಲ್ಲ, ಗೋಪಮ್ಮ ಸುಳ್ಳು ಹೇಳಿರಲಿಲ್ಲ. ಆದರೆ ಹಳೆ ತೊಗಲಿನ ತೇಪೆಗೆ ಕಲ್ಲೇ ಬೇಕೆಂದಿಲ್ಲ. ಗದ್ದೆಪ್ಪ ದಂಡೆ ಬಿಟ್ಟು ಸ್ವಲ್ಪ ದೂರ ಹೋದ. ತಳದಲ್ಲಿ 'ಪುಸ್' ಎಂದು ಸಪ್ಪಳವಾಯಿತು. ಹುಟ್ಟನ್ನು ಎದೆಗವಚಿಕೊಂಡು ಅವನು ಮೆಲ್ಲಗೆ, ಕಟ್ಟೆಯಿಂದ ಕೆಳಗಿಳಿಯುವ ಮುದುಕನ ಹಾಗೆ ನೀರಿಗಿಳಿದ. ಹರಗೋಲು ಒಂದು ಸುತ್ತು ಸುತ್ತಿ ಮಗುಚಿತು. ಎಣ್ಣೆ ಅವಸರವಿಲ್ಲದೆ ಊರಿನ ಘಟ್ಟದ ಕಡೆಗೆ ಹೊರಟಿತು.

"ಎಣ್ಣಿ ಬಂತ್ರೋ! ನೀರ ತುಂಬಬ್ಯಾಡ್ರೋ!" ಕನಕಮ್ಮ ದಂಡೆಯುದ್ದಕ್ಕೂ ಓಡುತ್ತ ಕೂಗಿದಳು. ಹಾಗೆ ಕೂಗಲು ಗೋಪಮ್ಮನೇ ಕಳಿಸಿದ್ದಳು.

ಘಟ್ಟದಲ್ಲಿ ನಿಂತಿದ್ದ ಸಾಹುಕಾರನ ಆಳು ಕೊಡ ತುಂಬಿಸುತ್ತಲೇ ತಿರುಗಿ ಬೈದ. "ಮುಚ್ಚ ಬಾಯಿ! ದೊಡ್ಡ ಸಾಹೇಬ್ರು ಬಂದಾರ, ಅಪಶಕುನ ನುಡೀತಾಳ!"

ಏಲಕ್ಕಿ, ಬೆಲ್ಲ, ನಿಂಬೆಹಣ್ಣು ಬಿದ್ದ ಮೇಲೆ ಶರಬತ್ತಿನಲ್ಲಿ ಏನಿದೆ ಎಂದು ಯಾರಿಗೆ ತಿಳಿಯುತ್ತದೆ? ಸಾಹೇಬರು ಬಿಸಿಲಿನಲ್ಲಿ ಬಂದಿದ್ದರು, ಎರಡೆರಡು ಲೋಟ ಕುಡಿದರು. ಮಠದಲ್ಲಿ ಮಹಾಂತಯ್ಯ ಹೊಟ್ಟೆ ತುಂಬ ಪಾಯಸ ಉಂಡ. ಊಟದ ಪಂಕ್ತಿ ಏಳುವ ಮೊದಲೇ ಒಬ್ಬೊಬ್ಬರು ಗೌರವದಿಂದ ಎದ್ದು ಹೊರಗೆ ಹೋಗತೊಡಗಿದರು. ಆಮೇಲೆ ಗೌರವವೂ ಉಳಿಯಲಿಲ್ಲ. ಸಾಹೇಬರ ಕುದುರೆಯ ಹಿಂದೆ ಸಾಹೇಬರು, ಬಣವೆಯ ಹಿಂದೆ ಸಾಹುಕಾರ, ಕಡೆಗೆ ಒಂದೇ ಜಾಲಿಗಿಡದ ಮರೆಗೆ ಇಬ್ಬರು ಮೂವರು. ತಂಬಿಗೆ ತುಂಬಿಕೊಳ್ಳೋಣವೆಂದರೆ ಘಟ್ಟದ ನೀರಿನ ಮೇಲೆ ಕೆನೆ. ತಂಬಿಗೆ ಕೈಯಿಂದ ಜಾರಿ ಜಾರಿ ಬೀಳುತ್ತಿತ್ತು.

ಇಳಿಹೊತ್ತಿಗೆ ಎಲ್ಲರ ತುಟಿ ಒಣಗಿತು. ಒಳ್ಳೆಯ ನೀರು ಇದ್ದದ್ದು ಒಂದೇ ಕಡೆ, ಕೇರಿಯವರು ತೋಡಿದ ವರ್ತಿಯಲ್ಲಿ. ಮೊದಲು ಬಂದವಳು ಸಾಹುಕಾರನ ಮುದಿತಾಯಿ ಬಸವಂತಮ್ಮ, ಸೊಂಟದ ಮೇಲೆ ಮರಿಮಗಳನ್ನು ಹೊತ್ತುಕೊಂಡು. ಕೂಸು ಬಾಡಿಹೋಗಿತ್ತು. ಗೋಪಮ್ಮ ಅದನ್ನು ನೋಡಿದಳು. ಸೂಗಪ್ಪನ ಮುಖ ನೆನಪಾಯಿತು. ತನ್ನ ಕೊಡವನ್ನೇ ತುಂಬಿ ಮುದುಕಿಯ ಮುಂದಿಟ್ಟಳು. ಮುದುಕಿ ಅದರಲ್ಲೇ ಕೂಸಿಗೆ ಕುಡಿಸಿದಳು.

ಹಿಂದೆ ಬಂದವರ ವಿಷಯ ಬೇರೆ. ಸಾಹುಕಾರ, ಮಹಾಂತಯ್ಯ, ಇಬ್ಬರು ಆಳುಗಳ ಹೆಗಲ ಮೇಲೆ ಸಲಾವುದ್ದೀನ್ ಸಾಹೇಬರು. ಗೋಪಮ್ಮ ವರ್ತಿಯ ಅಂಚಿನಲ್ಲಿ ಕಾಲು ಚಾಚಿ ಕೂತಿದ್ದಳು. ಸುತ್ತ ಇಡೀ ಕೇರಿ.

"ಮೈಲಿಗಿ ಆಗ್ತದಲ್ರೀ ಅಯ್ನೋರ?" ಎಂದಳು.

"ಹರಿಯೋ ಹೊಳಿಗಿ ಎಲ್ಲಿ ಮೈಲಿಗಿ ತಂಗೀ?" ಮಹಾಂತಯ್ಯನ ದನಿ ಹೊರಗೆ ಬರುತ್ತಿರಲಿಲ್ಲ.

"ತಂಗಿ ಅಂದ್ರು ಕೇಳಿದ್ಯಾ!" ವೆಂಕಮ್ಮ ಬಾಯಿಗೆ ಸೆರಗು ತುರುಕಿಕೊಂಡಳು.

"ಕುಡೀರಿ. ಯಾರು ಬ್ಯಾಡಂದ್ರು?" ಗೋಪಮ್ಮ ಹೇಳಿದಳು. "ಆದ್ರ ಸಾವ್ಕಾರ್ರು ಒಂದು ಮಾತ ಹೇಳ್ಲಿ. ಎರಡು ತೊಗಲ. ನಾಕು ಖೋಲಿ. ಬಿಟ್ಟಿ ಇಲ್ಲ, ಕೂಲಿ."

ಸಾಹುಕಾರ ಹಲ್ಲು ಕಡಿದ. "ಹೊಸ ತೊಗಲಂದ್ರ ಖರ್ಚು ಎಷ್ಟs..."

"ಅಬೇ ದೋ ಕ್ಯಾ, ಚಾರ್ ಲಗಾವ್!" ಎರಡಲ್ಲ, ನಾಲ್ಕು ಹಚ್ಚು ಎಂದು ಸಾಹೇಬರು ಹೆಗಲ ಮೇಲಿಂದಲೇ ಒದರಿದರು. "ಪಾನಿ ದೇವ್ ಪೈಲೆ, ಪಾನಿ!"

ಸಾಹುಕಾರ ಹೂಂ ಎಂದ. ಸಾಹೇಬರ ಎದುರು, ಊರಿನವರ ಎದುರು, ಹೊಟ್ಟೆ ಹಿಡಿದುಕೊಂಡು ಹೂಂ ಎಂದ.

ಹೊಸ ಹರಗೋಲು ಸಿದ್ಧವಾಗಲು ಬಹಳ ದಿನ ಹಿಡಿಯಲಿಲ್ಲ. ಹೊರಗೊಂದು ತೊಗಲು, ಒಳಗೊಂದು. ನಡುವೆ ಬಿದಿರ ದಬ್ಬೆ ಕೊಟ್ಟು ಬಿಟ್ಟ ಸಂದು. ಒಳಗೆ ತೊಗಲಿನ ಗೋಡೆ ಹೊಲಿದು ನಾಲ್ಕು ಖೋಲಿ. ಗೋಪಮ್ಮ ಅದರಲ್ಲಿ ನೀರು ತುಂಬಿ, ಗದ್ದೆಪ್ಪನನ್ನು ಅಂಚಿನ ಮೇಲೆ ಕುಣಿಸಿ ನೋಡಿದಳು. ವಾಲಿತು, ಮತ್ತೆ ನೆಟ್ಟಗೆ ನಿಂತಿತು.

ಸಾಹುಕಾರ ಬಂದು ಕೊಡೆಯ ತುದಿಯಿಂದ ಅದನ್ನು ತಿವಿದು ನೋಡಿದ. ಮುಖದಲ್ಲಿ ಮೊದಲಿನ ಬಣ್ಣ ತಿರುಗಿ ಬಂದಿತ್ತು.

"ಆತಲ್ಲ, ನಿಮ್ಮ ಹಟ ಗೆದ್ದಿರಿ. ಇನ್ನ ಚೆಲ್ಲಂಗಿಲ್ಲ. ಹೊರ್ರಿ, ಹಳೆ ಜಾಗಕ್ಕ ಒಯ್ರಿ. ಘಟ್ಟದ ಕೆಳಗ."

ಗದ್ದೆಪ್ಪ ಬಗ್ಗಿದವನು ಹಾಗೆಯೇ ನಿಂತ. ಗೋಪಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು ಹರಗೋಲಿನ ಪಕ್ಕದಲ್ಲಿ ಮರಳಿನ ಮೇಲೆ ಕುಳಿತಳು. ಅವಳನ್ನು ನೋಡಿ ವೆಂಕಮ್ಮ ಕುಳಿತಳು, ಕನಕಮ್ಮ ಕುಳಿತಳು, ಹೊರಲು ಬಂದ ಗಂಡಸರೆಲ್ಲ ಕುಳಿತರು.

"ಚೆಲ್ಲಂಗಿಲ್ಲಂದ್ರ ಮ್ಯಾಲs ಇರ್ಲಿ ಬಿಡ್ರಿ," ಎಂದಳು. "ನಿಮ್ಮ ಘಟ್ಟದ ಮ್ಯಾಲ ಇದ್ರ ತೊಗಲ ಹಳೇದಾದಾಗ ನಿಮಗs ನೆನಪಾಗ್ತದ. ಕೆಳಗ ಹೋತಂದ್ರ ಮರೀತೀರಿ."

"ಲೇ, ಎದ್ದೇಳ್ರೋ ಸೂಳಿಮಕ್ಕಳ್ರ! ಎತ್ರಿ ಅಂದ್ರ ಎತ್ರಿ!"

ಯಾರೂ ಏಳಲಿಲ್ಲ. ಗಾಣದ ಕಡೆಯಿಂದ ಎಣ್ಣೆಯ ಹಂಡೆ ಹೊತ್ತ ಬಂಡಿಗಳು ಕಿರುಗುಟ್ಟುತ್ತ ಬಂದು ಸಾಹುಕಾರನ ಹಿಂದೆ ನಿಂತವು. ಆಚೆ ದಂಡೆಯಲ್ಲಿ ವ್ಯಾಪಾರಿಯ ಆಳು ಕೈ ಬೀಸಿ ಬೀಸಿ ಕರೆಯುತ್ತಿದ್ದ. ಬಿಸಿಲು ಏರುತ್ತಿತ್ತು.

ಗೋಪಮ್ಮ ಅಂಗೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ ಸಾಹುಕಾರನನ್ನು ನೋಡಿದಳು.

"ಲಗೂ ಹೇಳ್ರಿ ಯಪ್ಪಾ. ಎಲ್ಲಿಗಿ ಹೊರಬೇಕು? ಮ್ಯಾಲಕ್ಕೋ, ಮ್ಯಾಲಕ್ಕೋ?"