ಏಳನೆಯ ಗುಳಿ, ಮೂರು ಕೊಳವೆ

ಗಾಲ್ಫ್ ಎಂಬುದು ಎಂಥ ಆಟವೆಂದರೆ, ತನ್ನ ಪಾಡಿಗೆ ತಾನು ಕೂತಿರುವ ಸಣ್ಣ ಚೆಂಡೊಂದನ್ನು ದೂರ ಹೊಡೆದು, ಆಮೇಲೆ ಅದನ್ನೇ ಹುಡುಕಿಕೊಂಡು ಹೋಗುವುದು. ಹೊಡೆಯುವುದಕ್ಕಿಂತ ಹುಡುಕುವುದೇ ಜಾಸ್ತಿ. ಇಷ್ಟು ತಿಳಿದುಕೊಳ್ಳಲು ನಕ್ಷೆಗೆ ಒಂದು ವಾರ ಸಾಕಾಗಿತ್ತು. ಉಳಿದ ಮೂವತ್ತೊಂದು ವರ್ಷದಲ್ಲಿ ಅವನು ಆಟದ ಬಗ್ಗೆ ಹೊಸದೇನನ್ನೂ ಕಲಿಯಲಿಲ್ಲ. ನೀರಿನ ಬಗ್ಗೆ ಕಲಿತ.

ನಕ್ಷೆ ಅಂದರೆ ಕಾಗದವಲ್ಲ, ಮನುಷ್ಯ. ಮೈದಾನದ ನಿಜವಾದ ನಕ್ಷೆ ಕ್ಲಬ್ಬಿನ ಬೀರುವಿನಲ್ಲಿತ್ತು. ಅದನ್ನು ಗೆದ್ದಲು ಎಷ್ಟು ಶ್ರದ್ಧೆಯಿಂದ ಓದಿತೆಂದರೆ ಕೊನೆಗೆ ಒಂದು ಮೂಲೆಯಷ್ಟೇ ಉಳಿಯಿತು. ಅಲ್ಲಿಂದಾಚೆ ಯಾವ ಪೈಪು ಎಲ್ಲಿ ತಿರುಗುತ್ತದೆ, ಯಾವ ವಾಲ್ವು ಯಾವ ಪೊದೆಯ ಬುಡದಲ್ಲಿದೆ ಎಂದು ಕೇಳಬೇಕಾದರೆ ಇವನನ್ನೇ ಕೇಳಬೇಕು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ದಿನಾ ಬಿಸಿಲೇರುವ ಮೊದಲು ಅವನು ಬರಿಗಾಲಲ್ಲಿ, ಚೆಂಡು ಕೊನೆಗೆ ಬೀಳಬೇಕಾದ ಹದಿನೆಂಟು ಗುಳಿಗಳನ್ನೂ ಸುತ್ತಿ ಬರುತ್ತಿದ್ದ. ನೆಲ ಹಿಮ್ಮಡಿಗೆ ಒಂದು ಹೇಳುತ್ತದೆ, ಬೆರಳಿಗೆ ಇನ್ನೊಂದು ಹೇಳುತ್ತದೆ. ಎರಡನ್ನೂ ಕೇಳಿಸಿಕೊಂಡು, ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಬೇಕೆಂದು ತೀರ್ಮಾನ ಮಾಡುವನು. ಏಳನೆಯ ಗುಳಿಯ ಹತ್ತಿರ ಮಾತ್ರ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. "ಏಳನೇದು ಸೂಕ್ಷ್ಮ. ಅದರ ನೀರು ನಂಗೆ ಬಿಡಿ" ಎನ್ನುತ್ತಿದ್ದ. ಎಲ್ಲರೂ ಬಿಟ್ಟಿದ್ದರು. ಅಷ್ಟು ಮಾಡಿದರೂ ಗುಳಿಯ ಸುತ್ತ ಕಂಬಳಿ ಹಾಸಿದಂತೆ ನುಣ್ಣಗೆ ಕತ್ತರಿಸಿದ ಹುಲ್ಲು, ಅವರು ಗ್ರೀನ್ ಅನ್ನುತ್ತಾರಲ್ಲ ಅದು, ಒಂದು ಮಗ್ಗುಲಲ್ಲಿ ಸದಾ ಪಚಪಚ ಅನ್ನುತ್ತಿತ್ತು.

ಸೂಕ್ಷ್ಮವೂ ಇಲ್ಲ, ಮಣ್ಣೂ ಇಲ್ಲ. ಸತ್ಯ ಇಷ್ಟೇ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಆ ಗ್ರೀನಿನ ಅಡಿಯ ನೀರು ಬಸಿದುಹೋಗಲಿ ಎಂದು ಮಣ್ಣಿನ ಕೊಳವೆಗಳ ಸಾಲೊಂದನ್ನು ಹೂಳಿದವನು ನಕ್ಷೆಯೇ. ಸಾಲು ಹೋಗಿ ಪಕ್ಕದ ಹಳ್ಳಕ್ಕೆ ಬಾಯಿ ತೆರೆಯಬೇಕಿತ್ತು. ಹಳ್ಳಕ್ಕೆ ಇನ್ನು ಮೂರೇ ಕೊಳವೆ ಬಾಕಿ ಇದ್ದಾಗ, ಮಾರನೆಯ ದಿನದ ದೊಡ್ಡ ಪಂದ್ಯಕ್ಕೆಂದು ಅತಿಥಿಗಳ ಡೇರೆಯನ್ನು ತಂದು ಸರಿಯಾಗಿ ಆ ಜಾಗದ ಮೇಲೆಯೇ ನಿಲ್ಲಿಸಿಬಿಟ್ಟರು. ಆಗಿನ ಅಧ್ಯಕ್ಷರು, "ಡೇರೆ ಕೀಳೋ ಮಾತಿಲ್ಲ. ಮುಚ್ಚಯ್ಯ ಗುಂಡಿ" ಅಂದರು. ನಕ್ಷೆ ಮುಚ್ಚಿದ. ಪಂದ್ಯ ಮುಗಿದ ಮೇಲೆ ಮೂರು ಕೊಳವೆ ಹಾಕಿದರಾಯಿತು ಎಂದುಕೊಂಡ. ಆದರೆ ಪಂದ್ಯದ ಸಂಜೆ ಅಧ್ಯಕ್ಷರು ಎಲ್ಲರೆದುರು ಅವನನ್ನು ಕರೆದು ಕೈಗೆ ಒಂದು ಗಡಿಯಾರ ಕಟ್ಟಿದರು. ಅದರ ಬೆನ್ನಿಗೆ 'ಕೆಲಸವನ್ನು ವೇಳೆಗೆ ಸರಿಯಾಗಿ ಮುಗಿಸಿದ್ದಕ್ಕೆ' ಎಂದು ಕೆತ್ತಿಸಿದ್ದರು. ಚಪ್ಪಾಳೆ ಬಿದ್ದ ಕೆಲಸವನ್ನು ಮರುದಿನ ಹಾರೆ ಹಿಡಿದು ಅಗೆಯಲು ಹೇಗೆ ಸಾಧ್ಯ? ಉಳಿದ ಮೂರು ಕೊಳವೆಯನ್ನು ಮನೆಗೆ ಒಯ್ದು ಬಾಗಿಲ ಪಕ್ಕ ನಿಲ್ಲಿಸಿದ. ಹೆಂಡತಿ ಅವುಗಳಲ್ಲಿ ಮಣ್ಣು ತುಂಬಿ ಪುದೀನ ಹಾಕಿದಳು.

ಇಲ್ಲಿಗೆ ನಿಂತಿದ್ದರೆ ಅದೊಂದು ಮರೆವು ಅನ್ನಬಹುದಿತ್ತು. ನಿಲ್ಲಲಿಲ್ಲ. ಏಳನೆಯದು ಯಾಕೆ ಹೀಗೆ ಎಂದು ಮೊದಲ ವರ್ಷವೇ ಯಾರೋ ಕೇಳಿದಾಗ, ನಕ್ಷೆಯ ಬಾಯಿಗೆ ಬಂದ ಉತ್ತರ, "ಹುಲ್ಲು ಕತ್ತರಿಸೋ ಗಾಡಿ ಭಾರ. ನೆಲ ಒತ್ತಿ ಒತ್ತಿ ಗಟ್ಟಿಯಾಗಿದೆ, ನೀರು ಇಳೀತಿಲ್ಲ." ಗಾಡಿ ಓಡಿಸುವವನು ಅವನ ಹೆಂಡತಿಯ ತಮ್ಮ. ಮೈದಾನದಲ್ಲಿ ಅವನನ್ನು ಕರೆಯುವುದೇ ಕತ್ತರಿ ಎಂದು. ಅವತ್ತಿನಿಂದ ಏಳನೆಯದರ ಮೇಲೆ ಗಾಡಿ ಹತ್ತಿಸುವಂತಿಲ್ಲ, ಕೈಯಲ್ಲಿ ತಳ್ಳುವ ಯಂತ್ರವೇ ಗತಿ ಎಂದು ಅಪ್ಪಣೆಯಾಯಿತು. ಕತ್ತರಿ ತಳ್ಳಿದ. ಒಂದಲ್ಲ ಎರಡಲ್ಲ, ಇಪ್ಪತ್ತೊಂಬತ್ತು ವರ್ಷ. ಈಗ ಅವನು ಕುರ್ಚಿಯಿಂದ ಏಳಬೇಕಾದರೆ ಮೊದಲು ಸೊಂಟವನ್ನು ಕೇಳಬೇಕು.

ಹೀಗಿರುವಾಗ ಕ್ಲಬ್ಬಿನವರು ಮೈದಾನದ ನೀರಿನ ವ್ಯವಸ್ಥೆಯನ್ನೆಲ್ಲ ಹೊಸದು ಮಾಡಲು ಹೊರಟರು. ಇನ್ನು ವಾಲ್ವನ್ನು ಕಂಪ್ಯೂಟರೇ ತಿರುಗಿಸುತ್ತದಂತೆ. ಅದನ್ನು ಕೂರಿಸಲು ಒಬ್ಬ ಇಂಜಿನಿಯರಮ್ಮ ಬಂದಳು. ಮೊಣಕಾಲುದ್ದದ ಬೂಟು, ಕೈಯಲ್ಲಿ ನೆಲಕ್ಕೆ ಚುಚ್ಚಿದರೆ ತೇವ ಎಷ್ಟೆಂದು ಅಂಕಿ ಹೇಳುವ ಕಡ್ಡಿ. ಮೊದಲ ದಿನವೇ ನಕ್ಷೆಯ ಜೊತೆ ಮೈದಾನ ಸುತ್ತಲು ಹೊರಟಳು.

"ಅಜ್ಜ, ಇಲ್ಲಿ ಎಷ್ಟಿರಬಹುದು?"

ನಕ್ಷೆ ಬರಿಗಾಲನ್ನು ಹುಲ್ಲಿಗೆ ಒತ್ತಿ, "ಇಪ್ಪತ್ತೆರಡು" ಅಂದ.

ಅವಳು ಕಡ್ಡಿ ಚುಚ್ಚಿದಳು. "ಇಪ್ಪತ್ಮೂರು."

"ನಿಮ್ಮ ಕಡ್ಡಿ ಒಂದು ಜಾಸ್ತಿ ತೋರಿಸ್ತಿದೆ, ರಿಪೇರಿ ಮಾಡ್ಸಿ."

ಅವಳು ನಕ್ಕುಬಿಟ್ಟಳು. ಆರನೆಯ ಗುಳಿಯವರೆಗೂ ಇಬ್ಬರಿಗೂ ಚೆನ್ನಾಗಿಯೇ ಇತ್ತು. ಏಳನೆಯದರಲ್ಲಿ ಅವಳು ಕಡ್ಡಿ ಚುಚ್ಚಿ, ಅಂಕಿ ನೋಡಿ, ಕಡ್ಡಿಯನ್ನು ಒರೆಸಿ ಮತ್ತೆ ಚುಚ್ಚಿದಳು. ನಕ್ಷೆ ಆಕಾಶ ನೋಡಿದ.

"ಕಂಪ್ಯೂಟರು ಎಲ್ಲ ಗ್ರೀನಿಗೂ ಅದರ ಪಾಲಿನ ನೀರು ಬಿಡುತ್ತೆ. ಇದಕ್ಕೂ ಅಷ್ಟು ಬಿಟ್ರೆ ಕೆರೆ ಆಗುತ್ತೆ. ಇದರ ಕೆಳಗೆ ಕೊಳವೆ ಇಲ್ವಾ ಅಜ್ಜ?"

"ಇದೆ, ಇದೆ" ಅಂದ ನಕ್ಷೆ. ಸುಳ್ಳೇನಲ್ಲ. ಇರುವಷ್ಟು ಇತ್ತು.

ಆ ಸಂಜೆ ಅವಳು ಚಹಾಕ್ಕೆಂದು ನಕ್ಷೆಯ ಮನೆಗೆ ಬಂದಳು. ಕ್ಲಬ್ಬಿನ ಹಿಂಬದಿಯ ಎರಡು ಕೋಣೆಯ ಮನೆ. ನಕ್ಷೆಯ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಗುಳಿಗಳಿಗೆ ನೆಡುವ ಬಾವುಟಗಳಿಗೆ ಅಂಚು ಹೊಲಿಯುತ್ತಿದ್ದಳು. ಕತ್ತರಿ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕಾಲು ಚಾಚಿದ್ದ.

"ಕೂತ್ಕೊಳಿ ಮೇಡಂ. ಏಳೋಕೆ ಹೇಳ್ಬೇಡಿ ಅಷ್ಟೆ, ನಂಗೆ ಅರ್ಧ ಗಂಟೆ ಬೇಕು" ಅಂದ.

"ಇವನ ಗೋಳು ಇದ್ದದ್ದೇ" ಅಂದಳು ಅಕ್ಕ. "ಸ್ವಲ್ಪ ಪುದೀನ ಚಿವುಟಿ ತಂದುಬಿಡಮ್ಮ, ಚಹಾಕ್ಕೆ ಹಾಕೋಣ."

ಇಂಜಿನಿಯರಮ್ಮ ಬಾಗಿಲಾಚೆ ಹೋದವಳು ಬೇಗ ಬರಲಿಲ್ಲ. ನಕ್ಷೆ ಕತ್ತು ಚಾಚಿ ನೋಡಿದರೆ, ಅವಳು ಕುಂಡದ ಬಾಯಿಗೆ ಗೇಣು ಹಾಕಿ ಅಳೆಯುತ್ತಿದ್ದಳು.

"ಅಮ್ಮಾ, ಈ ಕುಂಡಗಳಿಗೆ ತಳ ಇಲ್ವಲ್ಲ?"

"ಕುಂಡ ಅಲ್ಲಮ್ಮ ಅವು, ಕೊಳವೆ. ಏಳನೇದರ ಕೆಲಸ ಮುಗೀತಲ್ಲ, ಆಗ ಮಿಕ್ಕಿದ್ದು ಅಂತ ಇವರು ತಂದ್ರು. ಮೂರು ಸರಿಯಾಗಿ ಮಿಕ್ಕಿತ್ತು ನೋಡು, ನನ್ನ ಅದೃಷ್ಟ."

ಇಂಜಿನಿಯರಮ್ಮ ಪುದೀನ ಹಿಡಿದು ಒಳಗೆ ಬಂದು ನಕ್ಷೆಯ ಮುಖ ನೋಡಿದಳು. ನಕ್ಷೆ ಲೋಟ ನೋಡಿದ. ಚಹಾ ಕುಡಿದು ಹೊರಡುವಾಗ, "ನಾಳೆ ಏಳನೇದರಲ್ಲಿ ಪರೀಕ್ಷೆ. ಅಧ್ಯಕ್ಷರೂ ಬರ್ತಾರೆ. ನೀವು ಇರ್ಬೇಕು ಅಜ್ಜ" ಅಂದಳು.

ಪರೀಕ್ಷೆಗೆ ಒಂದೇ ಅಳತೆಯ ನಲವತ್ತು ಪಾತ್ರೆ ಬೇಕಿತ್ತು. ಹುಲ್ಲಿನ ಮೇಲೆ ಸಾಲಾಗಿ ಇಟ್ಟು, ಹುಲ್ಲಿಗೆ ನೀರು ಚಿಮ್ಮಿಸುವ ಕಾರಂಜಿ ತಿರುಗಿಸಿ, ಯಾವುದರಲ್ಲಿ ಎಷ್ಟು ನೀರು ಬಿತ್ತೆಂದು ನೋಡುವುದು. ಕ್ಲಬ್ಬಿನ ಅಡುಗೆಮನೆಯಲ್ಲಿ ಅಷ್ಟು ಲೋಟ ಒಂದೇ ಸಮ ಇರಲಿಲ್ಲ. ಕತ್ತರಿಯೇ ಉಪಾಯ ಹೇಳಿದ: ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಸಮಾಧಾನಕರ ಬಹುಮಾನದ ಬೆಳ್ಳಿಬಣ್ಣದ ಕಪ್ಪುಗಳು. ಅವನ್ನು ಗೆದ್ದವರು ಯಾರೂ ಮನೆಗೆ ಒಯ್ಯುವುದಿಲ್ಲ, ನಾಚಿಕೆಗೆ ಅಲ್ಲೇ ಬಿಟ್ಟುಹೋಗುತ್ತಾರೆ. ಹಾಗೆ ಉಳಿದವು ನಲವತ್ತಮೂರಿದ್ದವು. ಹನ್ನೊಂದರ ಮೇಲೆ ಈಗಿನ ಅಧ್ಯಕ್ಷರದೇ ಹೆಸರು.

ಈಗಿನ ಅಧ್ಯಕ್ಷರು ಆಗಿನ ಅಧ್ಯಕ್ಷರ ಮಗ. ಹೊಟ್ಟೆ ಅಪ್ಪನದು, ಗತ್ತು ಅಪ್ಪನದು, ಆಟವೂ ಅಪ್ಪನದೇ, ಅಂದರೆ ಇಲ್ಲವೇ ಇಲ್ಲ. ಬೆಳಿಗ್ಗೆ ಬಿಳಿ ಶೂ ಹಾಕಿಕೊಂಡು ಒಬ್ಬ ಸ್ನೇಹಿತನ ಜೊತೆ ಬಂದವರು, ತಮ್ಮ ಕಪ್ಪುಗಳು ಹುಲ್ಲಿನ ಮೇಲೆ ಬಾಯಿ ತೆರೆದು ಕೂತಿರುವುದನ್ನು ಕಂಡು ನಿಂತುಬಿಟ್ಟರು.

"ಇದೇನಮ್ಮ ಇದು?"

"ನೀರು ಅಳೀತಿದೀವಿ ಸರ್."

ಸ್ನೇಹಿತ ಬಗ್ಗಿ ಒಂದೊಂದೇ ಕಪ್ಪಿನ ಹೆಸರು ಓದುತ್ತಾ ಹೋದ. "ಅಲ್ಲಯ್ಯಾ, ಇಷ್ಟೊಂದು ಸಲ ಸಮಾಧಾನ ಮಾಡಿದಾರಾ ನಿಂಗೆ?"

ಅಧ್ಯಕ್ಷರು ಕೆಮ್ಮಿದರು. ಕಾರಂಜಿ ನಿಂತಿತು. ಎಲ್ಲ ಕಪ್ಪಿನಲ್ಲೂ ನೀರು ಒಂದೇ ಸಮ. ಆದರೆ ಗ್ರೀನಿನ ತಗ್ಗಿನ ಮಗ್ಗುಲಲ್ಲಿ ಆಗಲೇ ನೀರು ನಿಂತು ಮೋಡದ ಬಿಂಬ ಕಾಣುತ್ತಿತ್ತು.

"ಬೀಳೋ ನೀರಲ್ಲಿ ದೋಷ ಇಲ್ಲ ಸರ್. ಹೋಗೋ ನೀರಲ್ಲಿ ಇದೆ" ಅಂದಳು ಇಂಜಿನಿಯರಮ್ಮ. ಅಂದು, ನಕ್ಷೆಯ ಕಡೆ ನೋಡಿದಳು.

"ನಂಗೆ ಗೊತ್ತು ಯಾಕೆ ಅಂತ" ಅಂದರು ಅಧ್ಯಕ್ಷರು. "ಅಪ್ಪಾಜಿ ಕಾಲದಿಂದ ಹೇಳ್ತಾ ಬಂದಿದಾರೆ, ಯಂತ್ರ ಒತ್ತಿ ಒತ್ತಿ ನೆಲ ಸತ್ತಿದೆ. ಇಡೀ ಗ್ರೀನು ಕಿತ್ತುಹಾಕಿ. ಈ ಕತ್ತರೀನ ಇವತ್ತೇ ಯಂತ್ರದಿಂದ ಬಿಡಿಸಿ ಗೇಟಲ್ಲಿ ನಿಲ್ಲಿಸಿ. ಹುಲ್ಲಿನ ಹತ್ತಿರ ಇನ್ನು ಬರೋದು ಬೇಡ."

ಕತ್ತರಿ ಬಗ್ಗಿ, ಗುಳಿಯ ಅಂಚಿನಲ್ಲಿ ಮಡಚಿಕೊಂಡಿದ್ದ ಒಂದೆಳೆ ಹುಲ್ಲನ್ನು ಬೆರಳಿನಿಂದ ನೆಟ್ಟಗೆ ಮಾಡಿದ. ಆಮೇಲೆ ಸೊಂಟ ಹಿಡಿದುಕೊಂಡು ಮೆಲ್ಲಗೆ ಎದ್ದ.

ನಕ್ಷೆಯ ಅಂಗಾಲಿಗೆ ನೆಲ ತಣ್ಣಗೆ ಕಚ್ಚಿತು. ಮೂವತ್ತೊಂದು ವರ್ಷದ ಹೆಸರು ಒಂದು ಕಡೆ, ಆ ಸೊಂಟ ಒಂದು ಕಡೆ. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಮನೆಯಲ್ಲಿ ಚಹಾ ಗಂಟಲಲ್ಲಿ ಇಳಿಯುವ ಹಾಗಿರಲಿಲ್ಲ.

"ಸಾಹೇಬ್ರೇ, ಅವನದೇನೂ ಇಲ್ಲ ಇದರಲ್ಲಿ. ಕೊಳವೆ ಹಳ್ಳದ ತನಕ ಹೋಗೇ ಇಲ್ಲ. ಮೂರು ಕಮ್ಮಿ ಇದೆ."

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು. ಹಾಕದೆ ಮಣ್ಣು ಮುಚ್ಚಿದೋನು ನಾನೇ. ಗಾಡಿ ಭಾರ ಅಂತ ಪುಕಾರು ಹಬ್ಬಿಸಿದೋನೂ ನಾನೇ."

ಕತ್ತರಿ ನಿಧಾನಕ್ಕೆ ತಿರುಗಿದ. "ಭಾವ, ಅಂದ್ರೆ ಆ ತಳ್ಳೋ ಯಂತ್ರ?"

"ಹೂಂ."

"ಇಪ್ಪತ್ತೊಂಬತ್ತು ವರ್ಷ?"

"ಹೂಂ."

"ನನ್ನ ಸೊಂಟ?"

ನಕ್ಷೆ ತನ್ನ ಬರಿಗಾಲು ನೋಡಿದ.

"ಅಪ್ಪಾಜಿಗೆ ಮೋಸ ಮಾಡಿದೀಯಾ!" ಅಂತ ಅಧ್ಯಕ್ಷರು ಗುಡುಗಿದರು.

"ಡೇರೆ ಕೀಳಲ್ಲ, ಗುಂಡಿ ಮುಚ್ಚು ಅಂದೋರು ಅವರೇ. ಆದ್ರೆ ಡೇರೆ ಇದ್ದದ್ದು ಎರಡೇ ದಿನ ಸಾಹೇಬ್ರೇ. ಮೂರನೇ ದಿನದಿಂದ ತಪ್ಪು ಪೂರ್ತಿ ನಂದು." ನಕ್ಷೆ ಗಡಿಯಾರ ಬಿಚ್ಚಿ ಕೊಟ್ಟ. ಅಧ್ಯಕ್ಷರು ಹಿಂದಿನ ಬರಹ ಓದಿದರು. ಮುಂದೆ ತಿರುಗಿಸಿ ನೋಡಿದರು. "ಇದು ನಡೀತಾನೇ ಇಲ್ವಲ್ಲ?"

"ಹನ್ನೊಂದು ವರ್ಷ ಆಯ್ತು ನಿಂತು."

ಮೊದಲು ನಕ್ಕವನು ಸ್ನೇಹಿತ. ಅಧ್ಯಕ್ಷರಿಗೆ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಗಡಿಯಾರವನ್ನು ಜೇಬಿನಲ್ಲಿಟ್ಟುಕೊಂಡರು.

ಆ ಅಳತೆಯ ಕೊಳವೆ ಈಗ ಯಾರೂ ಮಾಡುವುದಿಲ್ಲ ಅಂದಳು ಇಂಜಿನಿಯರಮ್ಮ. ನಕ್ಷೆ ಮನೆಗೆ ಹೋಗಿ ಹೆಂಡತಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಹೊಲಿಗೆ ಯಂತ್ರ ನಿಂತಿತು.

"ಅಂದ್ರೆ ಇಷ್ಟು ವರ್ಷ ನಾನು ನನ್ನ ತಮ್ಮನ ಸೊಂಟದ ಮೇಲೆ ಪುದೀನ ಬೆಳೆದೆ ಅನ್ನಿ."

ಅವಳು ಮೂರೂ ಕೊಳವೆಯಿಂದ ಪುದೀನವನ್ನು ಬೇರು ಸಮೇತ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ಕೊಳವೆಗಳನ್ನು ಅವನ ಕೈಗೆ ಒಂದೊಂದಾಗಿ ಕೊಡಲಿಲ್ಲ, ಮೂರನ್ನೂ ಒಟ್ಟಿಗೇ ಹೊರಿಸಿದಳು.

ಅಗೆದವನು ನಕ್ಷೆಯೊಬ್ಬನೇ. ಯಾರೂ ಹಾರೆ ಮುಟ್ಟಕೂಡದು ಎಂದು ಕತ್ತರಿ ಶರತ್ತು ಹಾಕಿದ್ದ. ತಾನು ಗಾಡಿಯ ಮೆತ್ತನೆಯ ಸೀಟಿನ ಮೇಲೆ ಕೂತು, "ಇನ್ನೂ ಆಳ ಭಾವ. ಉಸಿರು ಆಮೇಲೆ ಬಿಡಬಹುದು" ಅನ್ನುತ್ತಿದ್ದ. ಇಂಜಿನಿಯರಮ್ಮ ಅಳತೆಯ ಟೇಪು ತೆಗೆಯಲು ಹೋದಾಗ ನಕ್ಷೆ ಬೇಡವೆಂದು ಕೈ ಆಡಿಸಿ, ಕಾಲಿನಿಂದ ಒಂದು ಜಾಗ ಒತ್ತಿ, ಹಾರೆ ಹಾಕಿದ. ನಾಲ್ಕನೆಯ ಏಟಿಗೆ ಹಳೆಯ ಕೊಳವೆಯ ಬಾಯಿಗೆ ಅಡರಿದ್ದ ಮಣ್ಣು ಬಿರುಕು ಬಿಟ್ಟಿತು. ನೋಡೋಣ ಎಂದು ಅಧ್ಯಕ್ಷರು ಬಗ್ಗಿದರು. ಇಪ್ಪತ್ತೊಂಬತ್ತು ವರ್ಷದಿಂದ ದಾರಿ ಕಾಯುತ್ತಿದ್ದ ಕಪ್ಪು ನೀರು ಒಮ್ಮೆಗೇ ಹೊರಬಂದು, ಮೊದಲು ವಿಚಾರಿಸಿಕೊಂಡದ್ದು ಅವರ ಬಿಳಿ ಶೂಗಳನ್ನು.

ನೀರೆಲ್ಲ ಹರಿದ ಮೇಲೆ ನಕ್ಷೆ ಮೊಣಕಾಲೂರಿ, ಒಂದೊಂದೇ ಕೊಳವೆಯನ್ನು ಕೂರಿಸುತ್ತಾ ಬಂದು, ಮೂರನೆಯದರ ಬಾಯನ್ನು ಹಳ್ಳಕ್ಕೆ ತೆರೆದ.

ವಾರದೊಳಗೆ ಗ್ರೀನು ಒಣಗಿ ಗಟ್ಟಿಯಾಯಿತು. ಆಟಗಾರರಿಗೇನೂ ಸಂತೋಷವಾಗಲಿಲ್ಲ. ಅಷ್ಟು ವರ್ಷ ಕೆಸರಿನ ಮೇಲೆ ಹಾಕಿದ್ದ ತಪ್ಪೆಲ್ಲ ಈಗ ಅವರವರ ಕೈಗೆ ವಾಪಸು ಬಂದಿತ್ತು. ಅಧ್ಯಕ್ಷರು ಒಣ ನೆಲದಲ್ಲಿ ಎರಡು ಮೊಳ ದೂರದ ಗುಳಿಗೆ ಚೆಂಡು ತಳ್ಳಲಾರದೆ, ನೆಲ ಅತಿಯಾಗಿ ಒಣಗಿದೆ ಎಂದು ದೂರು ಕೊಟ್ಟರು.

ಇಂಜಿನಿಯರಮ್ಮ ನಕ್ಷೆಯನ್ನು ಇಡೀ ಮೈದಾನ ನಡೆಸಿ, ಅವನು ಹೇಳಿದ್ದನ್ನೆಲ್ಲ ಕಾಗದಕ್ಕಿಳಿಸಿದಳು. "ಇನ್ನೇನಾದ್ರೂ ಬಚ್ಚಿಟ್ಟಿದ್ರೆ ಈಗಲೇ ಹೇಳಿಬಿಡಿ ಅಜ್ಜ" ಅಂದಳು. ನಕ್ಷೆ ತಲೆ ಕೆರೆದುಕೊಂಡು, "ಹನ್ನೆರಡನೇದರ ಹತ್ರ ಒಂದು ಸಣ್ಣದು..." ಎಂದು ಶುರು ಮಾಡಿದ. ಅವಳು ಪೆನ್ಸಿಲ್ ಕೆಳಗಿಟ್ಟು ಹಣೆ ಒತ್ತಿಕೊಂಡಳು.

ಶಿಕ್ಷೆ ಏನೆಂದು ತೀರ್ಮಾನಿಸಿದವನು ಕತ್ತರಿ. ಏಳನೆಯದರ ಹುಲ್ಲನ್ನು ಇನ್ನು ಭಾವನೇ ತಳ್ಳುವ ಯಂತ್ರದಲ್ಲಿ ಕತ್ತರಿಸಬೇಕು. ಎಷ್ಟು ದಿನ ಎಂದರೆ, "ನನ್ನ ಸೊಂಟ ಸಾಕು ಅನ್ನೋ ತನಕ." ಮೂರು ದಿನಕ್ಕೇ ನಕ್ಷೆ ಮಂಚದಿಂದ ಏಳುವಾಗ ಸೊಂಟವನ್ನು ಕೇಳತೊಡಗಿದ.

ಆ ಸಂಜೆ ಅವನು ಉಗ್ರಾಣದಿಂದ ಅಧ್ಯಕ್ಷರ ಹೆಸರಿನ ಮೂರು ಕಪ್ಪು ಕೇಳಿ ತಂದು ಬಾಗಿಲ ಪಕ್ಕ ಇಟ್ಟ. ಹೆಂಡತಿ ಮಣ್ಣು ತುಂಬಿ, ಒದ್ದೆ ಬಟ್ಟೆಯಲ್ಲಿದ್ದ ಪುದೀನದ ಬೇರು ಊರಿ, ಚೊಂಬಿನಿಂದ ನೀರು ಹಾಕಿದಳು. ನೀರು ಮೇಲೆಯೇ ನಿಂತಿತು. ಅವಳು ಸ್ವಲ್ಪ ಹೊತ್ತು ಅದನ್ನು ನೋಡಿದಳು, ಆಮೇಲೆ ಗಂಡನನ್ನು.

"ಇದರ ನೀರು ಎಲ್ಲಿಗ್ರೀ ಹೋಗ್ಬೇಕು?"

ನಕ್ಷೆ ಒಂದು ಕೈಯಲ್ಲಿ ಸೊಂಟ ಹಿಡಿದು ಎದ್ದ. ಸುತ್ತಿಗೆ, ಮೊಳೆ ಹುಡುಕಿ ತಂದು, ಮೊದಲನೆಯ ಕಪ್ಪನ್ನು ಮಗ್ಗುಲಾಗಿಸಿದ.

"ಮೂರಕ್ಕೂ ತೂತು ಹೊಡೀರಿ" ಅಂದಳು ಅವಳು. "ನಾನು ಇಲ್ಲೇ ಕೂತಿರ್ತೀನಿ."