ಮೂರು ಸ್ಪಾರ್ಕ್ ಪ್ಲಗ್ಗು ಮತ್ತು ಗಂಗಯ್ಯ ಬರುವ ಹೊತ್ತು

೧
ಎಲ್ಲಿಂದ ಶುರು ಮಾಡಲಿ? ಶೈಲಜಾ ಕೀಲಿ ತಿರುಗಿಸಿದಲ್ಲಿಂದ ಎಂದರೆ ವ್ಯಾನು ಚಾಲೂ ಆಗುತ್ತಿಲ್ಲ. (ಇದು ನನ್ನ ಮೂರನೇ ಆರಂಭ. ಮೊದಲನೆಯದರಲ್ಲಿ ಸೂರ್ಯೋದಯವಿತ್ತು, ಹರಿದು ಹಾಕಿದೆ. ರಾಮದುರ್ಗದ ಬಿಸಿಲಿಗೆ ನನ್ನ ವರ್ಣನೆ ಬೇಕಿಲ್ಲ.)

೨
ನೇರವಾಗಿ ಹೇಳಿಬಿಡುತ್ತೇನೆ. ೧೯೯೯ನೇ ಇಸವಿ. ಅರಳೆ ವ್ಯಾಪಾರಿ ನಿಜಗುಣಪ್ಪನವರ ಬಿಳಿ ವ್ಯಾನು ಏರು ಬಂದರೆ ಕೆಮ್ಮುತ್ತದೆ, ಒಮ್ಮೊಮ್ಮೆ ನಿಂತೇ ಬಿಡುತ್ತದೆ. ಬೇಸತ್ತು ಮಾರಲು ಹೊರಟಿದ್ದಾರೆ. ಬೈಲಹೊಂಗಲದ ಗಂಗಯ್ಯ ಗಾಡಿ ನೋಡಲು ಇಂದು ಹನ್ನೊಂದಕ್ಕೆ ಬರುತ್ತಾನೆ. ಆದರೆ ಸೊಸೆ ಶೈಲಜಾ ಡ್ರೈವಿಂಗ್ ಕಲಿತದ್ದೇ ಇದರಲ್ಲಿ. ಇದು ಹೋದರೆ ಸವದತ್ತಿಯ ತವರಿಗೆ ಹೋಗಲೂ ಅವಳು ಮತ್ತೆ ಯಾರನ್ನಾದರೂ ಕಾಯಬೇಕು.

"ಮಾವಾರ, ಪ್ಲಗ್ ಅಷ್ಟ ಹೋಗ್ಯಾವ್ರಿ. ನಾ ಬದಲಿ ಮಾಡತೇನಿ."

"ಹನ್ನೊಂದರೊಳಗ ಚಾಲೂ ಆತಂದ್ರ ಗಾಡಿ ಮನ್ಯಾಗಿರ್ಲಿ. ಇಲ್ಲಾಂದ್ರ ಕೀಲಿ ಗಂಗಯ್ಯನ ಕೈಯಾಗ."

ನೋಡಿ, ನನ್ನ ಎದೆ ಈಗಲೇ ಡವಡವ ಎನ್ನುತ್ತಿದೆ!

೩
ನಿನ್ನೆ ಲಕ್ಕಪ್ಪನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಶೈಲಜಾ ಕರ್ಚೀಫು ಬಿಚ್ಚಿ ಮಸಿ ಹಿಡಿದ ಹಳೆಯ ಪ್ಲಗ್ಗು ಇಟ್ಟಳು. ಬಳೆ ಅಳತೆ ನೋಡುವಂತೆ ಒಂದೊಂದೇ ಹೊಸದನ್ನು ಅದರ ಪಕ್ಕ ಹಿಡಿದಳು.

"ಅದು ಬ್ಯಾಡ್ರಿ ಅಕ್ಕಾರ, ಅದರ ಥ್ರೆಡ್ಡು ಉದ್ದ ಐತಿ. ಒಳಗ ಪಿಸ್ಟನ್ನಿಗಿ ಬಡೀತೈತಿ," ಎಂದ ಲಕ್ಕಪ್ಪ. ಸರಿಯಾದ ಮೂರನ್ನು ಆರಿಸಿ, ತುದಿಯ ಸಂದಿಯಲ್ಲಿ ಹಳೆಯ ಗರಗಸದ ಬ್ಲೇಡು ಆಡಿಸಿ ತೋರಿಸಿದ. "ಇಷ್ಟ ಸಂದಿ ಇರಬೇಕ್ರಿ. ಕಿಡಿ ಹಾರೂ ಜಾಗಾ ಇದ." ಬ್ಲೇಡನ್ನೂ ಕೊಟ್ಟು ಕಳಿಸಿದ.

(ಲಕ್ಕಪ್ಪನಿಗೆ ಇಲ್ಲೊಂದು ಭಗ್ನಪ್ರೇಮ ಕೊಟ್ಟಿದ್ದೆ. "ಗಿರಾಕಿ ನಿಂತಾರ್ರಿ, ಅದನ್ನೆಲ್ಲಾ ತಗೀರಿ," ಎಂದ. ತೆಗೆದೆ.)

೫
(ನಾಲ್ಕರಲ್ಲಿ ಸ್ಪಾರ್ಕ್ ಪ್ಲಗ್ಗಿನ ಇತಿಹಾಸವಿತ್ತು. ನನಗೇ ಆಕಳಿಕೆ ಬಂತು.)

ಹತ್ತೂಕಾಲು. ಮುಂದಿನ ಸೀಟು ಎತ್ತಿದರೆ ಕೆಳಗೇ ಎಂಜಿನ್ನು. ಹಳೆಯ ಮೂರು ಹೊರಗೆ, ಹೊಸ ಮೂರು ಒಳಗೆ. ಕೀಲಿ ತಿರುಗಿತು. ಕುರ್ರ್, ಕುರ್ರ್. ಅಷ್ಟೇ. ಕೆಮ್ಮು ಸಹ ಇಲ್ಲ.

ನಿಜಗುಣಪ್ಪನವರು ಗಡಿಯಾರ ನೋಡಿದರು. ನನಗೆ ತಡೆಯಲಾಗಲಿಲ್ಲ. "ಶೈಲಜಾ, ಒಂದು ಸಾಲು ಬರೆದರೆ ಗಾಡಿ ಚಾಲೂ ಆಗುತ್ತದೆ, ಬರೆಯಲೇ?"

"ಬ್ಯಾಡ್ರಿ. ಹಾಕಿದಾಕಿ ನಾ. ಯಾಕ ಚಾಲೂ ಆಗವಲ್ದು ಅಂತ ನಾನ ನೋಡತೇನಿ."

ಬಿಚ್ಚಿದಳು. ಕಿಡಿ ಹಾರುವ ಸಂದಿಯಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಮೂರರಲ್ಲೂ. ಬಿಳಿ ಪಿಂಗಾಣಿಯ ಪಕ್ಕದ ಆ ಬಿಳಿಯನ್ನು ಅವಸರದಲ್ಲಿ ಅವಳು ಗಮನಿಸಿರಲಿಲ್ಲ.

ವಿಭೂತಿ! (ಓದುಗರೇ, ಆಣೆ ಮಾಡುತ್ತೇನೆ, ಇದನ್ನು ಇಟ್ಟವನು ನಾನಲ್ಲ.)

ಬಾಗಿಲಲ್ಲಿ ನಿಂತಿದ್ದ ಅತ್ತೆ ಸಿದ್ದಲಿಂಗವ್ವನ ಮುಖ ಸಣ್ಣದಾಯಿತು. "ಮುಂಜಾನಿ ದೇವರ ಜಗಲಿ ಮ್ಯಾಲ ಇಟ್ಟು ನಾನ ಹಚ್ಚಿದ್ನಿ. ಮನಿಗಿ ಹೊಸಾದೇನ ಬಂದ್ರೂ ಹಚ್ಚೂದಿಲ್ಲೇನ? ತುದೀಗೂ ತುಂಬಿ ಹಚ್ಚಿದ್ನಿ. ಗಾಡಿ ನಿನಗ ಉಳೀಲಿ ಅಂತ."

ಶೈಲಜಾಳ ಕೈಯಲ್ಲಿ ಬ್ಲೇಡಿತ್ತು. ಆದರೆ ಅತ್ತೆ ಹಚ್ಚಿದ ವಿಭೂತಿಯನ್ನು ಕೆರೆದು ಹಾಕುವುದು ಹೇಗೆ? ಹತ್ತೂ ಮುಕ್ಕಾಲು. (ಇಲ್ಲಿ ಭರ್ಜರಿ ಅತ್ತೆ-ಸೊಸೆ ಜಗಳ ಬರೆದಿದ್ದೆ. ಇಬ್ಬರೂ ಆಡಲು ಒಪ್ಪಲಿಲ್ಲ.)

"ತಾ ಇತ್ತ," ಎಂದಳು ಸಿದ್ದಲಿಂಗವ್ವ. "ಹಚ್ಚಿದಾಕಿ ನಾ, ನಾನ ತಗೀತೇನಿ."

ಒಂದೊಂದೇ ಸಂದಿ ಕೆರೆದಳು, ಸೆರಗಿನಿಂದ ಒರೆಸಿದಳು. ಉದುರಿದ ಪುಡಿಯನ್ನು ಅಂಗೈಯಲ್ಲಿ ಹಿಡಿದಳು. ಪೆಟ್ರೋಲು ವಾಸನೆಯ ಆ ವಿಭೂತಿಯನ್ನು ಸೊಸೆಯ ಹಣೆಗೆ ಹಚ್ಚಿದಳು. ಬರೆಯುತ್ತಿದ್ದ ನನ್ನ ಕಣ್ಣು ತುಂಬಿತು, ಮುಚ್ಚಿಡುವುದೇಕೆ?

ಮುಕ್ತಾಯ ಅ
ವ್ಯಾನು ಚಾಲೂ ಆಯಿತು, ಗಂಗಯ್ಯ ಬಂದ ದಾರಿಗೆ ಸುಂಕವಿಲ್ಲದಂತೆ ಹೋದ.

ಮುಕ್ತಾಯ ಆ
ಚಾಲೂ ಆದ ಎಂಜಿನ್ನಿನ ಸದ್ದಿಗೆ ಗಂಗಯ್ಯ ಮರುಳಾಗಿ ಪಟ್ಟು ಹಿಡಿದ, ಮಾವನ ಮನಸ್ಸು ಓಲಾಡಿತು.

ಯಾವುದು ವಾಸಿ ಎಂದು ಪೆನ್ನು ಕಚ್ಚುತ್ತಿದ್ದೆ. ಅಷ್ಟರಲ್ಲಿ ಶೈಲಜಾ ಪ್ಲಗ್ಗು ಮತ್ತೆ ಕೂರಿಸಿ ಕೀಲಿ ತಿರುಗಿಸಿದಳು, ನನ್ನನ್ನು ಕೇಳದೆಯೇ ಎಂಜಿನ್ನು ಗುಡುಗಿತು! ಹನ್ನೊಂದಕ್ಕೆ ಐದು ನಿಮಿಷ. ಗೇಟಿನಲ್ಲಿ ಗಂಗಯ್ಯ.

"ಏ ಗಂಗಯ್ಯಾ, ಗಾಡಿ ನೋಡಾಕ ಬಂದೀಯಲ್ಲಾ, ಹಿಂದ ಹತ್ತು. ಸಾಲಹಳ್ಳಿ ತನಕಾ ಹೋಗಿ ಬರೂಣು," ಎನ್ನುತ್ತಲೇ ಸಿದ್ದಲಿಂಗವ್ವ ಗಂಡನ ಕಡೆ ತಿರುಗಿದಳು. "ನೀವೂ ಹಿಂದ ಕುಂಡರ್ರಿ. ಮುಂದ ನಾ."

"ತಾಯಿ, ತುಸು ನಿಲ್ಲಿ," ಎಂದೆ. "ಕೊನೆಗೆ ಕೀಲಿ ಯಾರಿಗೆ ಸಿಕ್ಕಿತು ಅಂತ ಬರೆಯಬೇಕಲ್ಲ?"

"ಆಕಿ ಕೈಯಾಗ ಐತಿ, ಕಾಣವಲ್ದೇನೋ ತಮ್ಮಾ?"

ವ್ಯಾನು ಹೊರಟಿತು. ಏರಿನಲ್ಲೂ ಕೆಮ್ಮಲಿಲ್ಲ. ನನಗೆ ಸೀಟಿರಲಿಲ್ಲ, ಅವರು ಇನ್ನೂ ವಾಪಸ್ ಬಂದಿಲ್ಲ.